ಡ್ರಾಗರ್‌ಗಳಿಗೆ ಪಾಳಿ ಕೆಲಸ: ನನ್ನ ಸ್ಕೈರಿಮ್ ಮಾಡ್ ಎಲ್ಲಿಗೆ ಬಂತು

ಜೂನ್, ಮಳೆ ಹಿಡಿದ ಮೇಲೆ

ಸ್ಕೈರಿಮ್ ಎಂಬ ವಿಡಿಯೋ ಗೇಮ್ ಆಡಿದವರಿಗೆ ಡ್ರಾಗರ್ ಯಾರೆಂದು ಹೇಳಬೇಕಾಗಿಲ್ಲ. ನಾರ್ಡ್ ಜನರ ನೆಲದಡಿಯ ಸಮಾಧಿಗಳಲ್ಲಿ, ಗೋಡೆಯ ಗೂಡುಗಳಲ್ಲಿ ಮಲಗಿರುವ ಒಣಕಲು ಹೆಣಗಳು. ನೀವು ಹತ್ತಿರ ಹೋದ ಕೂಡಲೇ ಕಣ್ಣು ನೀಲಿಯಾಗಿ ಹೊಳೆಯುತ್ತದೆ, ಕೊಡಲಿ ಹಿಡಿದು ಎದ್ದು ಬರುತ್ತವೆ. ನಾಲ್ಕು ಏಟು ಹಾಕಿ ಬೀಳಿಸುತ್ತೀರಿ, ಹತ್ತಿರ ಇದ್ದ ಚಿಲ್ಲರೆ ಕಾಸು ತೆಗೆದುಕೊಂಡು ಮುಂದೆ ಹೋಗುತ್ತೀರಿ. 2011ರ ನವೆಂಬರ್ 11ರಂದು ಆಟ ಬಿಡುಗಡೆಯಾಯಿತು. ಅಲ್ಲಿಂದ ಇಲ್ಲಿಯವರೆಗೆ ನಾವೆಲ್ಲ ಮಾಡಿದ್ದು ಇದನ್ನೇ.

ಆದರೆ ಆಟದೊಳಗೇ ಸಿಗುವ ಒಂದು ಪುಸ್ತಕ ಬೇರೆ ಕಥೆ ಹೇಳುತ್ತದೆ. ವಿಂಟರ್‌ಹೋಲ್ಡ್ ಕಾಲೇಜಿನ ಒಬ್ಬ ವಿದ್ವಾಂಸೆ ಡ್ರಾಗರ್‌ಗಳ ನಡುವೆಯೇ ಉಳಿದು ಬರೆದ ಟಿಪ್ಪಣಿ ಅದು. ಅವಳು ಕಂಡದ್ದು ಹೀಗೆ: ದಿನಾ ಬೇರೆ ಬೇರೆ ಗುಂಪು ಎಚ್ಚರವಾಗುತ್ತದೆ. ಕಾಲೆಳೆಯುತ್ತ ತಮ್ಮ ಡ್ರ್ಯಾಗನ್ ಪ್ರೀಸ್ಟ್‌ನ, ಅಂದರೆ ಡ್ರ್ಯಾಗನ್‌ಗಳ ಪೂಜಾರಿಯಾಗಿದ್ದ ಸತ್ತ ದೊರೆಯ, ಕಲ್ಲಿನ ಪೆಟ್ಟಿಗೆಯ ಹತ್ತಿರ ಹೋಗಿ, ಗಂಟೆಗಟ್ಟಲೆ ಅಡ್ಡಬೀಳುತ್ತದೆ. ಆಮೇಲೆ ಸುತ್ತಲಿನ ಜಾಗವನ್ನು ಚೊಕ್ಕಟ ಮಾಡುತ್ತದೆ. ಮತ್ತೆ ಹೋಗಿ ಮಲಗುತ್ತದೆ. ಹಾಗೆ ಅಡ್ಡಬೀಳುವಾಗ ತಮ್ಮಲ್ಲಿರುವ ಜೀವಶಕ್ತಿಯ ಒಂದು ಪಾಲನ್ನು ದೊರೆಗೆ ಕೊಡುತ್ತವೆ. ಪ್ರೀಸ್ಟ್ ಸಾವಿರಾರು ವರ್ಷ ಉಳಿದದ್ದು ಹಾಗೆ, ಆಳುಗಳು ಒಣಗಿ ಸುಕ್ಕಾದದ್ದೂ ಹಾಗೆ.

ಇಷ್ಟು ಚಂದದ ವಿಷಯ ಬರಹದಲ್ಲಿ ಮಾತ್ರ ಉಂಟು. ಆಟದಲ್ಲಿ ಯಾವ ಡ್ರಾಗರ್ ಕೂಡ ಒಂದು ಹುಲ್ಲುಕಡ್ಡಿ ಎತ್ತುವುದಿಲ್ಲ. ಹಾಗಾಗಿ ಈ ಮಳೆಗಾಲದ ಕೆಲಸ ಒಂದು ಮಾಡ್, ಅಂದರೆ ಆಟಕ್ಕೆ ನಾವೇ ಸೇರಿಸುವ ಬದಲಾವಣೆ: ಪುಸ್ತಕದಲ್ಲಿ ಇದ್ದದ್ದನ್ನು ಡ್ರಾಗರ್‌ಗಳ ಕೈಯಲ್ಲಿ ಮಾಡಿಸುವುದು. ಮಂಗಳೂರಿನ ಮಳೆಗೆ ಹೊರಗೆ ಹೋಗಿ ಮಾಡುವಂಥದ್ದು ಏನೂ ಇಲ್ಲ ಅಲ್ವಾ, ಒಳಗೆ ಕೂತು ಹೆಣಗಳಿಗೆ ಕೆಲಸ ಹಚ್ಚುವ.

ಜೂನ್ ಕೊನೆ

ಮಾಡ್ ಮಾಡಲಿಕ್ಕೆ ಬೇಕಾದ ಕ್ರಿಯೇಶನ್ ಕಿಟ್ ಎಂಬ ತಂತ್ರಾಂಶ ಉಚಿತ. 2012ರ ಫೆಬ್ರವರಿಯಿಂದ ಎಲ್ಲರಿಗೂ ಸಿಗುತ್ತದೆ. ಹಳೆಯ ಸಮಾಧಿಗಳನ್ನು ಮುಟ್ಟಲಿಲ್ಲ. ಅಲ್ಲಿರುವ ಪ್ರತಿ ಪ್ರೀಸ್ಟ್‌ಗೂ ಅವನದೇ ಕಥೆ ಇದೆ. ಫೋರೆಲ್‌ಹೋಸ್ಟ್‌ನಲ್ಲಿ ರಾಗೋಟ್‌ನ ಹಿಂಬಾಲಕರು ಸೈನ್ಯ ಮುತ್ತಿದಾಗ ವಿಷ ಕುಡಿದು ಸತ್ತರು. ವಾಲ್ತ್ಯೂಮ್‌ನಲ್ಲಿ ಹೆವ್ನೊರಾಕ್ ಏಳದಂತೆ ವಾಲ್ಡರ್ ಎಂಬವನ ಪ್ರೇತ ಕಾವಲು ಕೂತಿದೆ, ಅದರ ಶಕ್ತಿಯೂ ಮುಗಿಯುತ್ತ ಬಂದಿದೆ. ಇಂಥವರ ಮನೆಯೊಳಗೆ ನಾನು ಹೋಗಿ ಪೀಠೋಪಕರಣ ಸರಿಸುವುದು ಸರಿಯಲ್ಲ. ಹೊಸ ಸಣ್ಣ ಸಮಾಧಿ ಕಟ್ಟಿದೆ. ಒಂದು ಓಣಿ, ಒಂದು ದೊಡ್ಡ ಚಾವಡಿ, ಚಾವಡಿಯ ತುದಿಯಲ್ಲಿ ಪ್ರೀಸ್ಟ್‌ನ ಪೆಟ್ಟಿಗೆ. ನನ್ನ ಪ್ರೀಸ್ಟ್‌ಗೆ ಹೆಸರಿಲ್ಲ, ಮುಖವಾಡವೂ ಇಲ್ಲ. ಮುಖವಾಡ ಇಟ್ಟರೆ ಜನ ಅದನ್ನು ಕದಿಯಲಿಕ್ಕೇ ಬರುತ್ತಾರೆ, ಉಳಿದದ್ದು ಯಾರಿಗೂ ಕಾಣುವುದಿಲ್ಲ.

ಆಳುಗಳನ್ನು ಗೋಡೆಯ ಗೂಡಿನಲ್ಲಿ ಮಲಗಿಸಲಿಲ್ಲ. ಡೆಡ್ ಮೆನ್ಸ್ ರೆಸ್ಪೈಟ್ ಎಂಬ ಸಮಾಧಿಯ ಕೊನೆಯ ಕೋಣೆ ನೆನಪಿದೆಯಾ? ರಾಜ ಓಲಾಫ್‌ನ ಪೆಟ್ಟಿಗೆ, ಸುತ್ತಲೂ ಆಸನಗಳಲ್ಲಿ ಕೂತ ಡ್ರಾಗರ್‌ಗಳು. ಅವು ಸರದಿಯಲ್ಲಿ ಏಳುತ್ತವೆ, ಕೊನೆಗೆ ರಾಜನೇ ಏಳುತ್ತಾನೆ. ಅದು ಇಡೀ ಆಟದಲ್ಲಿ ನನಗೆ ಅತಿ ಇಷ್ಟದ ಕೋಣೆ. ಅಲ್ಲಿ ಸತ್ತವರ ಒಂದು ಸಭೆ ಇದೆ, ಯಾರು ಮೇಲೆ ಯಾರು ಕೆಳಗೆ ಎಂಬುದು ಕೂತ ಜಾಗದಲ್ಲೇ ತಿಳಿಯುತ್ತದೆ. ಹಾಗಾಗಿ ನನ್ನ ಚಾವಡಿಯಲ್ಲೂ ಕಲ್ಲಿನ ಆಸನಗಳೇ. ಒಂಬತ್ತು ಆಳು, ಮೂರು ಮೂರರಂತೆ ಮೂರು ಪಾಳಿ.

ಜುಲೈ

ಈ ಆಟದಲ್ಲಿ ಪ್ರತಿ ಪಾತ್ರಕ್ಕೂ ಪ್ಯಾಕೇಜ್‌ಗಳ ಒಂದು ಪಟ್ಟಿ ಇರುತ್ತದೆ. ಇಂಥ ಹೊತ್ತಿಗೆ ಇಲ್ಲಿಗೆ ಹೋಗು, ಇಷ್ಟು ಗಂಟೆ ಅಲ್ಲಿರು, ಆಮೇಲೆ ಕೂತುಕೋ. ಆಟ ನಡೆಸುವ ತಂತ್ರಾಂಶ, ಅಂದರೆ ಎಂಜಿನ್, ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ, ಆ ಹೊತ್ತಿಗೆ ಹೊಂದುವ ಮೊದಲನೆಯದನ್ನು ಹಿಡಿಯುತ್ತದೆ. ವೈಟ್‌ರನ್ ಪೇಟೆಯ ಅಂಗಡಿಯವರು ಬೆಳಗ್ಗೆ ಬಾಗಿಲು ತೆಗೆಯುವುದು, ರಾತ್ರಿ ಮಲಗುವುದು ಎಲ್ಲ ಇದರಿಂದಲೇ. ಅದೇ ಸವಲತ್ತನ್ನು ಸತ್ತವರಿಗೂ ಕೊಟ್ಟೆ.

ಆಟದ ಗಡಿಯಾರ ನಮ್ಮದಕ್ಕಿಂತ 20 ಪಟ್ಟು ಜೋರು. ಅಲ್ಲಿನ ಒಂದು ದಿನ ನಮ್ಮ 72 ನಿಮಿಷ, ಒಂದು ಗಂಟೆ ನಮ್ಮ 3 ನಿಮಿಷ. ಒಂದು ಪಾಳಿ ಎಂಟು ಗಂಟೆ ಎಂದರೆ 24 ನಿಮಿಷ. ಅದರಲ್ಲಿ ನಾಲ್ಕು ಗಂಟೆ ಅಡ್ಡಬೀಳುವುದು, ಎರಡು ಗಂಟೆ ಚೊಕ್ಕಟ ಮಾಡುವುದು, ಉಳಿದದ್ದು ಹೋಗಿ ಬರುವ ಹೊತ್ತು. ಅಡ್ಡಬೀಳುವುದನ್ನೇ ಇನ್ನೂ ಉದ್ದ ಮಾಡುವ ಆಸೆ ಇತ್ತು. ಆದರೆ ಮೂಲೆಯಲ್ಲಿ ಅಡಗಿ ನೋಡುವವನಿಗೆ 12 ನಿಮಿಷವೇ ಧಾರಾಳ ಆಯಿತು.

ಅನಿಮೇಶನ್ ಮಾತ್ರ ತಲೆ ತಿಂದಿತು. ಡ್ರಾಗರ್‌ನ ಅಸ್ಥಿಪಂಜರದ ಫೈಲೇ ಬೇರೆ, ಮನುಷ್ಯರದ್ದು ಬೇರೆ. ಹಳ್ಳಿಯ ಹೆಂಗಸರು ಪೊರಕೆ ಹಿಡಿದು ಗುಡಿಸುವ ಅನಿಮೇಶನ್ ಆಟದಲ್ಲಿ ಇದೆ, ದೇವರ ಮುಂದೆ ಮೊಣಕಾಲೂರುವುದೂ ಇದೆ. ಯಾವುದೂ ಡ್ರಾಗರ್‌ಗೆ ಹಿಡಿಸುವುದಿಲ್ಲ. ಅಡ್ಡಬೀಳುವುದನ್ನು ಬ್ಲೆಂಡರ್ ಎಂಬ ಅನಿಮೇಶನ್ ತಂತ್ರಾಂಶದಲ್ಲಿ ನಾನೇ ಮಾಡಿದೆ. ಪ್ಯಾಕೇಜ್ ಶುರುವಾಗುವಾಗ ಒಂದು ಸಣ್ಣ ಸ್ಕ್ರಿಪ್ಟ್ ಆ ಆಳನ್ನು ಒಂದು ಗುಟ್ಟಿನ ಗುಂಪಿಗೆ ಸೇರಿಸುತ್ತದೆ. ಗುಂಪಿನಲ್ಲಿ ಇರುವಷ್ಟು ಹೊತ್ತು ಸುಮ್ನೆ ನಿಲ್ಲುವ ಅನಿಮೇಶನ್ ಬದಲು ಬಾಗುವ ಅನಿಮೇಶನ್ ಓಡುತ್ತದೆ. ಮುಗಿದಾಗ ಗುಂಪಿನಿಂದ ಹೊರಗೆ. ಬಾಗುವ ವೇಗ ಬಹಳ ನಿಧಾನ ಇಟ್ಟಿದ್ದೇನೆ. ಅಷ್ಟು ಹಳೆಯ ಮೊಣಕಾಲು ಬೇಗ ಮಡಚಿದರೆ ನಂಬಲಿಕ್ಕಾಗುವುದಿಲ್ಲ.

ಗುಡಿಸುವುದನ್ನು ಕಣ್ಣಿಗೆ ತೋರಿಸಲೇ ಇಲ್ಲ, ಕಿವಿಗೆ ಬಿಟ್ಟೆ. ಮಳೆ ಬಿಟ್ಟ ಒಂದು ಬೆಳಗ್ಗೆ ನಮ್ಮ ಮನೆಯ ಜಗಲಿಯಲ್ಲಿ ಹಿಡಿಸೂಡಿಯಿಂದ ಗುಡಿಸಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದೆ. ತೆಂಗಿನ ಕಡ್ಡಿ ಸಿಮೆಂಟ್ ನೆಲಕ್ಕೆ ಉಜ್ಜುವ ಆ ಸದ್ದನ್ನು ಸ್ವಲ್ಪ ತಗ್ಗಿಸಿ, ಗುಹೆಯ ಪ್ರತಿಧ್ವನಿ ಸೇರಿಸಿದರೆ ಮೈ ಜುಮ್ಮೆನ್ನುತ್ತದೆ. ಮಾಡ್ ಮಾಡುವವರಿಗೆ ಒಂದು ಮಾತು: ಇಂಥ ಸದ್ದನ್ನು ಮೋನೋದಲ್ಲೇ ಉಳಿಸಿ. ಸ್ಟೀರಿಯೋ ಆದರೆ ದೂರ ಹೋದಂತೆ ಸದ್ದು ಕಮ್ಮಿಯಾಗುವುದಿಲ್ಲ, ಇಡೀ ಕೋಣೆಯಲ್ಲಿ ಒಂದೇ ಸಮ ಕೇಳುತ್ತದೆ.

ಇನ್ನೊಂದು, ಮೇಣದಬತ್ತಿ. ಯುಗಗಳಿಂದ ಯಾರೂ ಕಾಲಿಡದ ಸಮಾಧಿಯಲ್ಲಿ ದೀಪ ಉರಿಯುವುದು ಹೇಗೆ ಎಂದು ಸ್ಕೈರಿಮ್ ಆಡುವವರು ತಮಾಷೆ ಮಾಡುವುದುಂಟು. ನನ್ನ ಚಾವಡಿಯಲ್ಲಿ ಅದಕ್ಕೆ ಉತ್ತರ ಇದೆ. ಆಳು ದಾಟಿ ಹೋಗುವ ಜಾಗದಲ್ಲೆಲ್ಲ ಕಣ್ಣಿಗೆ ಕಾಣದ ಪೆಟ್ಟಿಗೆಗಳನ್ನು ಇಟ್ಟಿದ್ದೇನೆ. ಆಳು ಅದರೊಳಗೆ ಬಂದ ಕೂಡಲೇ ಅಲ್ಲಿನ ದೀಪ ಹತ್ತುತ್ತದೆ, ಪಾಳಿ ಮುಗಿದಾಗ ಆರುತ್ತದೆ. ಕತ್ತಲೆಯಲ್ಲಿ ಓಣಿಯ ಆಚೆ ತುದಿಯಿಂದ ಒಂದೊಂದೇ ದೀಪ ನಿಮ್ಮ ಕಡೆ ಹತ್ತುತ್ತ ಬರುವುದನ್ನು ನೋಡಬೇಕು. ಹತ್ತಿಸುವವನು ಕಾಣುವ ಮೊದಲೇ ನೀವು ಕಂಬದ ಹಿಂದೆ ಸರಿಯುತ್ತೀರಿ.

ಡ್ರಾಗರ್‌ಗಳಲ್ಲಿ ದರ್ಜೆ ಇದೆ: ಸಾದಾ ಡ್ರಾಗರ್, ರೆಸ್ಟ್‌ಲೆಸ್, ವೈಟ್, ಸ್ಕರ್ಜ್, ಡೆತ್‌ಲಾರ್ಡ್. ಆಟದಲ್ಲಿ ಇದು ಬಲದ ಲೆಕ್ಕ ಮಾತ್ರ. ನಾನು ಅದನ್ನು ಕೆಲಸದ ಲೆಕ್ಕ ಮಾಡಿದೆ. ಸಾದಾ ಆಳುಗಳು ಅಡ್ಡಬೀಳುತ್ತವೆ, ಸ್ಕರ್ಜ್ ಪಾಳಿ ಬದಲಿಸುತ್ತದೆ, ಡೆತ್‌ಲಾರ್ಡ್ ಪೆಟ್ಟಿಗೆಯ ಪಕ್ಕ ಸುಮ್ನೆ ನಿಂತಿರುತ್ತದೆ. ಅದು ಬಾಗುವುದೇ ಇಲ್ಲ. ಎಲ್ಲ ಕಡೆ ಒಬ್ಬ ಮೇಸ್ತ್ರಿ ಇದ್ದೇ ಇರುತ್ತಾನಲ್ಲ.

ಆಟಿ ತಿಂಗಳು

ಈ ಮಾಡ್‌ನ ದಿಕ್ಕು ಬದಲಾದದ್ದು ಅಮ್ಮನಿಂದ. ಆಟಿ ಎಂದರೆ ತುಳುನಾಡಿನಲ್ಲಿ ಸತ್ತ ಹಿರಿಯರಿಗೆ, ಅಂದರೆ ಕುಲೆಗಳಿಗೆ, ಬಡಿಸುವ ತಿಂಗಳು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ನಮ್ಮಲ್ಲಿ ಕೊಡಿ ಬಾಳೆಯಲ್ಲಿ ಬಡಿಸಿಟ್ಟು, ಸ್ವಲ್ಪ ಹೊತ್ತು ಬಾಗಿಲು ಎಳೆದು ಹೊರಗೆ ನಿಲ್ಲುತ್ತೇವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ, ಹಾಗಾಗಿ ಒಳ್ಳೆ ಮೀನು ಸಿಗುವುದು ಕಷ್ಟ. ಕೋಳಿಯೇ ಗತಿ, ಕುಲೆಗಳಿಗೂ ನಮಗೂ.

ಅದರ ತಯಾರಿಯ ನಡುವೆ ಅಮ್ಮ ನನ್ನ ಕೋಣೆಗೆ ಬಂದರು. ಸ್ಕ್ರೀನ್‌ನಲ್ಲಿ ಆಳುಗಳು ಅಡ್ಡಬಿದ್ದಿದ್ದವು. ಯಾರು ಇವು, ಏನು ಮಾಡುತ್ತಿವೆ ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ನೋಡಿದರು.

"ಸತ್ತ ಮೇಲೂ ದುಡಿಸುದಾ? ಇವಕ್ಕೆ ಬಡಿಸ್ಲಿಕ್ಕೆ ಯಾರೂ ಇಲ್ವಾ ಮಗ?"

ಇಲ್ಲ ಅಂದೆ. ಅವುಗಳ ಮಕ್ಕಳು ಮೊಮ್ಮಕ್ಕಳು ಎಲ್ಲಿ ಎಂದು ಕೇಳಿದರು. ಅದಕ್ಕೂ ಉತ್ತರ ಇರಲಿಲ್ಲ. "ಹಾಗಾದ್ರೆ ಹಸಿವಲ್ಲೇ ಇರ್ತಾವೆ ಪಾಪ" ಎಂದು ಒಲೆಯ ಹತ್ತಿರ ಹೋದರು.

ಆಮೇಲೆ ಕೆಲಸ ಮುಂದೆ ಹೋಗಲಿಲ್ಲ, ಯೋಚನೆ ಮಾತ್ರ ಹೋಯಿತು. ನಮ್ಮಲ್ಲಿ ಬದುಕಿದವರು ಸತ್ತವರಿಗೆ ಉಣಿಸುತ್ತಾರೆ. ಆಟದ ಆ ಸಮಾಧಿಯಲ್ಲಿ ಸತ್ತ ಆಳು ಸತ್ತ ದೊರೆಗೆ ಉಣಿಸುತ್ತದೆ, ಅದೂ ತನ್ನನ್ನೇ ಬಡಿಸಿಕೊಂಡು. ಹೊರಗಿನಿಂದ ಬರುವವರು ಯಾರೂ ಇಲ್ಲ. ಬರುವವನು ಒಬ್ಬನೇ, ಆಟಗಾರ. ಅವನೂ ಸಮಾಧಿಯ ಭರಣಿಗಳಿಗೆ ಕೈ ಹಾಕಿ ಇದ್ದದ್ದನ್ನು ದೋಚಲಿಕ್ಕೆ ಬರುತ್ತಾನೆ.

ಹಾಗಾದರೆ ಅದೇ ಭರಣಿಗೆ ಅವನು ಏನಾದರೂ ಹಾಕಿದರೆ?

ಸಮಾಧಿಯ ಭರಣಿಗಳು ಆಟದಲ್ಲಿ ಮೊದಲಿನಿಂದಲೂ ವಸ್ತು ಇಡುವ ಪಾತ್ರೆಗಳೇ. ತೆಗೆಯಲಿಕ್ಕೂ ಆಗುತ್ತದೆ, ಹಾಕಲಿಕ್ಕೂ ಆಗುತ್ತದೆ. ಪ್ರತಿ ಆಸನದ ಪಕ್ಕ ಒಂದೊಂದು ಖಾಲಿ ಭರಣಿ ಇಟ್ಟೆ. ಒಳಗೆ ವಸ್ತು ಬಿದ್ದಾಗ ಪಪೈರಸ್ (ಆಟದ ಸ್ಕ್ರಿಪ್ಟ್ ಭಾಷೆ) ಸ್ಕ್ರಿಪ್ಟ್ ಎಚ್ಚರವಾಗಿ, ಅದು ತಿನ್ನುವ ವಸ್ತುವಾ ಎಂದು ನೋಡುತ್ತದೆ. ಆಹಾರಕ್ಕೆ ಆಟದಲ್ಲೇ ಕೀವರ್ಡ್ ಎಂಬ ಗುರುತು ಇರುವುದರಿಂದ ಸುಲಭವಾಯಿತು. ಸೇಬು, ಚೀಸ್, ಸುಟ್ಟ ಸಾಲ್ಮನ್ ಮೀನು, ಯಾವುದೂ ನಡೆಯುತ್ತದೆ. ತಿನ್ನುವಂಥದ್ದಾದರೆ ಆ ಆಳು ಆ ಪಾಳಿಗೆ ಏಳುವುದಿಲ್ಲ, ಕೂತಲ್ಲೇ ಇರುತ್ತದೆ. ಪಾಳಿ ಮುಗಿದಾಗ ಭರಣಿ ಖಾಲಿ.

ಈಗ ಪ್ರೀಸ್ಟ್‌ನ ಲೆಕ್ಕ. ಅಡ್ಡಬಿದ್ದು ಮುಗಿಸಿದ ಪ್ರತಿ ಆಳಿನಿಂದ ಅವನ ಆಯುಸ್ಸು ಏರುತ್ತದೆ. ಪಾಳಿಗೆ ಬರಬೇಕಾದವನು ಬಾರದಿದ್ದರೆ ಇಳಿಯುತ್ತದೆ. ಒಂಬತ್ತೂ ಆಳುಗಳಿಗೆ ಬಡಿಸುತ್ತ ಆಟದ ದಿನಗಳನ್ನು ಕಳೆದರೆ, ಪೆಟ್ಟಿಗೆಯಿಂದ ಏಳುವಷ್ಟೂ ತ್ರಾಣ ಅವನಿಗೆ ಉಳಿಯುವುದಿಲ್ಲ. ಕತ್ತಿ ತೆಗೆಯುವುದೇ ಬೇಡ. ಆಳುಗಳನ್ನು ಕೊಂದೂ ಅವನನ್ನು ಸೊರಗಿಸಬಹುದು, ಅದನ್ನು ನಾನು ತಡೆದಿಲ್ಲ. ಪಾಳಿಯಲ್ಲಿ ಇರುವಷ್ಟು ಹೊತ್ತು ಆಳುಗಳ ಜಗಳದ ಮಟ್ಟವನ್ನು ಸೊನ್ನೆಗೆ ಇಳಿಸಿದ್ದೇನೆ. ನೀವು ಪಕ್ಕದಲ್ಲೇ ನಡೆದು ಹೋದರೂ ತಲೆ ಎತ್ತುವುದಿಲ್ಲ. ಹೊಡೆಯುವವರು ಹೊಡೆಯಲಿ, ಎದುರಿಗೆ ಏನು ಬಾಗಿದೆ ಎಂದು ನೋಡಿಕೊಂಡೇ ಹೊಡೆಯಲಿ.

ಸೋಲ್ ಕೇರ್ನ್ ಎಂಬ ಆತ್ಮಗಳ ಲೋಕದ ಡರ್ನೆವೀರ್‌ನಿಂದಲೂ ಒಂದು ಎಳೆ ಸಿಕ್ಕಿತು. 2012ರ ಡಾನ್‌ಗಾರ್ಡ್ ಎಂಬ ಹೆಚ್ಚುವರಿ ಭಾಗದಲ್ಲಿ ಬರುವ ಆ ಡ್ರ್ಯಾಗನ್, ಐಡಿಯಲ್ ಮಾಸ್ಟರ್ಸ್ ಎಂಬ ಕಾಣದ ದೊರೆಗಳೊಂದಿಗೆ ಒಪ್ಪಂದ ಮಾಡಿಕೊಂಡಿತ್ತು: ವಲೇರಿಕಾ ಎಂಬವಳು ಸಾಯುವವರೆಗೆ ಕಾವಲು ಕಾಯಬೇಕು. ಅವಳು ರಕ್ತಪಿಶಾಚಿ, ತಾನಾಗಿ ಸಾಯುವವಳಲ್ಲ. ಡ್ರ್ಯಾಗನ್ ಅಲ್ಲೇ ಕೊಳೆಯಿತು. ಅಲ್ಲಿ ಮೋಸದ ಕರಾರು, ಇಲ್ಲಿ ಭಕ್ತಿ. ಆಳಿನ ಪಾಲಿಗೆ ಎರಡರಲ್ಲೂ ರಜೆ ಇಲ್ಲ. ನನ್ನ ಡೆತ್‌ಲಾರ್ಡ್ ಯಾಕೆ ಬಾಗುವುದಿಲ್ಲ ಎಂಬುದಕ್ಕೆ ಒಂದು ಸಣ್ಣ ಕಾಗದವನ್ನು ಅದರ ಹತ್ತಿರ ಇಟ್ಟಿದ್ದೇನೆ. ಅದರಲ್ಲೂ ಒಂದು ಕರಾರೇ ಇದೆ. ಉಳಿದದ್ದನ್ನು ಆಡಿ ನೋಡಿ.

ಆಗಸ್ಟ್

ಮಣಿಪಾಲದಲ್ಲಿ ಓದುವ ತಂಗಿಯ ಮಗನಿಗೆ ಆಡಲಿಕ್ಕೆ ಕೊಟ್ಟೆ, ಏನೂ ಹೇಳದೆ. ಮೊದಲು ಬಿಲ್ಲು ತೆಗೆದ. ಓಣಿಯಲ್ಲಿ ದೀಪ ಹತ್ತುವುದನ್ನು ನೋಡಿ ನಿಂತ. "ಮಾವ, ಇವ ನನ್ನನ್ನು ನೋಡಿಯೂ ಎಲ್ಲಿಗೆ ಹೋಗ್ತಾ ಇದ್ದಾನೆ?" ಎಂದು ಕೇಳಿದ. ಹಿಂದೆಯೇ ಹೋದ. ಪೂರ್ತಿ ಪಾಳಿ ನೋಡಿದ. ಆಮೇಲೆ ಬಾಗಿದ್ದ ಮೂರನ್ನೂ ಒಂದೊಂದೇ ಬಾಣದಲ್ಲಿ ಮುಗಿಸಿದ. ಸುಲಭ ಸಿಕ್ಕಿತು ಮಾವ, ಯಾಕೆ ಬಿಡುದು ಅಂದ. ಭರಣಿ ತೆರೆದು ನೋಡಿ ಖಾಲಿ ಎಂದು ಮುಚ್ಚಿದ. ಅದಕ್ಕೆ ಏನಾದರೂ ಹಾಕಬಹುದು ಎಂಬ ಯೋಚನೆಯೇ ಅವನಿಗೆ ಬರಲಿಲ್ಲ. ಬರುವುದಾದರೂ ಹೇಗೆ? ಇಷ್ಟು ವರ್ಷ ಆಟ ಕಲಿಸಿದ್ದು ತೆಗೆಯಲಿಕ್ಕೆ.

ಹಾಗಾಗಿ ಬಾಗಿಲಿನ ಹತ್ತಿರದ ಒಂದು ಭರಣಿಯಲ್ಲಿ ಯಾರೋ ಮೊದಲೇ ಇಟ್ಟು ಹೋದಂತೆ ಒಂದು ರೊಟ್ಟಿ ಇಟ್ಟೆ. ಅದರ ಪಕ್ಕದ ಆಳು ಮೊದಲ ಪಾಳಿಗೆ ಏಳುವುದಿಲ್ಲ. ಸೂಚನೆ ಅಷ್ಟೇ, ಬರಹ ಏನೂ ಇಲ್ಲ. ಹೊಸ ಸೇವ್‌ನಲ್ಲಿ ಹುಡುಗ ಆ ರೊಟ್ಟಿಯನ್ನೂ ತೆಗೆದು ತಿಂದ. ಆಳು ಎದ್ದು ಹೊರಟಿತು. ಆಗ ಅವನಿಗೆ ಹೊಳೆಯಿತು. ಚೀಲದಲ್ಲಿದ್ದ ಸ್ವೀಟ್‌ರೋಲ್‌ಗಳನ್ನೆಲ್ಲ ಹಂಚಿದ.

ಇನ್ನೊಂದು ಕೆಲಸವೂ ಮುಗಿಯಿತು. ಸ್ಕೈರಿಮ್‌ನಲ್ಲಿ ಗುಹೆಗಳು ಆಟದ 10 ದಿನಕ್ಕೆ ಮತ್ತೆ ತುಂಬಿಕೊಳ್ಳುತ್ತವೆ, ಪೂರ್ತಿ ಗೆದ್ದದ್ದಾದರೆ 30 ದಿನಕ್ಕೆ. ಕೊಂದ ಆಳುಗಳು ಮತ್ತೆ ಹುಟ್ಟಿದರೆ ನನ್ನ ಲೆಕ್ಕಕ್ಕೆ ಅರ್ಥವಿಲ್ಲ. ನನ್ನ ಸಮಾಧಿ ಯಾವತ್ತೂ ಮರುಹೊಂದದಂತೆ ಅದರ ವಲಯದಲ್ಲಿ ಗುರುತು ಹಾಕಿದೆ. ಒಮ್ಮೆ ಬಿದ್ದವನು ಬಿದ್ದ, ಅವನ ಆಸನ ಖಾಲಿಯೇ.

ಉಳಿದಿರುವ ತಲೆನೋವು ಲಿಡಿಯಾ. ಜೊತೆಗಾರ್ತಿಯನ್ನು ಕರೆದುಕೊಂಡು ಬಂದವರು ನೆಮ್ಮದಿಯಾಗಿ ಬಡಿಸುವ ಹಾಗಿಲ್ಲ. ಆಳು ಎದ್ದು ಓಣಿಗೆ ಬಂದ ಕೂಡಲೇ ಅವಳು ಕತ್ತಿ ಎಳೆದು ನುಗ್ಗುತ್ತಾಳೆ. ಜೊತೆಗಾರರನ್ನು ಬಾಗಿಲ ಹೊರಗೇ ನಿಲ್ಲಿಸುವ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಅದು ಸರಿಯಾದ ಮೇಲೆ ಫೈಲ್ ಹಂಚುತ್ತೇನೆ. ಆಡುವವರು ಒಬ್ಬರೇ ಹೋಗಿ, ಚೀಲದಲ್ಲಿ ತಿನ್ನಲಿಕ್ಕೆ ಜಾಸ್ತಿ ಇಟ್ಟುಕೊಳ್ಳಿ.