ಖಾಲಿ ರೈಲು, ಕಾದು ಕುಳಿತ ಎಲ್ ಬೋರ್ಡ್: ಕೋವಿಡ್ ಕಾಲದ ಇಂಗ್ಲೆಂಡಿನ ಸಾರಿಗೆ ನೀತಿ

ಪ್ರಧಾನಿ ಬೋರಿಸ್ ಜಾನ್ಸನ್ ಲಾಕ್‌ಡೌನ್ ಘೋಷಿಸಿದ 2020ರ ಮಾರ್ಚ್ 23ರಂದೇ ಬ್ರಿಟನ್ನಿನ ಸಾರಿಗೆ ಇಲಾಖೆ ಇನ್ನೊಂದು ನಿರ್ಧಾರವನ್ನೂ ಪ್ರಕಟಿಸಿತು. 1990ರ ದಶಕದ ನಡುವಿನಿಂದ ಇಲ್ಲಿ ಹೆಚ್ಚಿನ ರೈಲುಗಳನ್ನು ಓಡಿಸುತ್ತಿದ್ದುದು ಸರ್ಕಾರದಿಂದ ಗುತ್ತಿಗೆ ಪಡೆದ ಖಾಸಗಿ ಕಂಪನಿಗಳು. ಆ ಗುತ್ತಿಗೆಯ ಸಾಮಾನ್ಯ ಷರತ್ತುಗಳನ್ನು ಬದಿಗಿಟ್ಟ ಇಲಾಖೆ, ಟಿಕೆಟ್ ಆದಾಯ ಮತ್ತು ಖರ್ಚು ಎರಡರ ಹೊಣೆಯನ್ನೂ ತಾನೇ ಹೊತ್ತುಕೊಂಡು, ರೈಲು ಓಡಿಸಿದ್ದಕ್ಕಾಗಿ ಕಂಪನಿಗಳಿಗೆ ಖರ್ಚಿನ ಗರಿಷ್ಠ ಶೇ 2ರಷ್ಟು ನಿರ್ವಹಣಾ ಶುಲ್ಕ ಕೊಡುವುದಾಗಿ ಹೇಳಿತು. ಭಾರತೀಯ ರೈಲ್ವೆಯು ಅದರ ಹಿಂದಿನ ದಿನವಷ್ಟೇ ಪ್ರಯಾಣಿಕ ರೈಲುಗಳನ್ನು ಪೂರ್ತಿಯಾಗಿ ನಿಲ್ಲಿಸಿದ್ದನ್ನು ನೆನೆದರೆ, ಇಲ್ಲಿನ ದಾರಿ ಎಷ್ಟು ಬೇರೆಯಾಗಿತ್ತೆಂಬುದು ತಿಳಿಯುತ್ತದೆ. ಆಸ್ಪತ್ರೆಯ ಸಿಬ್ಬಂದಿ, ಅಂಗಡಿ ಮತ್ತು ಗೋದಾಮುಗಳ ಕೆಲಸಗಾರರು ಮನೆಯಿಂದ ಹೊರಡಲೇಬೇಕಿದ್ದುದರಿಂದ, ಸಂಖ್ಯೆ ಕಡಿಮೆಯಾದರೂ ರೈಲುಗಳು ಇಲ್ಲಿ ನಿಲ್ಲಲಿಲ್ಲ.

ಆದರೆ ಹತ್ತುವವರಿರಲಿಲ್ಲ. 2019–20ರಲ್ಲಿ ಸುಮಾರು 174 ಕೋಟಿಯಷ್ಟಿದ್ದ ರೈಲು ಪ್ರಯಾಣಗಳ ಸಂಖ್ಯೆ ಮರುವರ್ಷ 38.8 ಕೋಟಿಗೆ ಕುಸಿಯಿತು. ನಾನಿರುವ ರೆಡಿಂಗ್‌ನಿಂದ ಲಂಡನ್ನಿನ ಪ್ಯಾಡಿಂಗ್ಟನ್‌ಗೆ ವೇಗದ ರೈಲಿನಲ್ಲಿ ಅರ್ಧ ಗಂಟೆಯೂ ಬೇಕಿಲ್ಲ. ಮೊದಲು ಬೆಳಗಿನ ಹೊತ್ತು ನಿಲ್ಲಲು ಜಾಗ ಸಿಕ್ಕರೆ ಅದೇ ದೊಡ್ಡದು ಎನ್ನುವಂತಿದ್ದ ಆ ಬೋಗಿಗಳಲ್ಲಿ ಆಗ ಒಬ್ಬಿಬ್ಬರು ಇದ್ದರೆ ಇದ್ದರು, ಇಲ್ಲದಿದ್ದರೆ ಇಲ್ಲ. ಸಾರಿಗೆ ಸಚಿವ ಗ್ರಾಂಟ್ ಶಾಪ್ಸ್ ಅವರು ಮೇ ತಿಂಗಳಲ್ಲಿ ಲೆಕ್ಕವನ್ನು ಬಿಡಿಸಿಟ್ಟರು: ಎಲ್ಲ ರೈಲು, ಬಸ್ಸುಗಳನ್ನು ಓಡಿಸಿದರೂ ಎರಡು ಮೀಟರ್ ಅಂತರ ಪಾಲಿಸಬೇಕಾದರೆ ಹತ್ತು ಪ್ರಯಾಣಿಕರಲ್ಲಿ ಒಬ್ಬರಿಗೆ ಮಾತ್ರ ಜಾಗ. ಸಾಧ್ಯವಾದಷ್ಟೂ ಸಾರ್ವಜನಿಕ ಸಾರಿಗೆಯನ್ನು ಬಿಟ್ಟು ಕಾರಿನಲ್ಲಿ, ಅದಕ್ಕಿಂತ ಒಳ್ಳೆಯದೆಂದರೆ ಸೈಕಲ್ಲಿನಲ್ಲಿ ಅಥವಾ ನಡೆದುಕೊಂಡು ಕೆಲಸಕ್ಕೆ ಹೋಗಿರೆಂದು ಮರುದಿನ ಪ್ರಧಾನಿಯೇ ಹೇಳಿದರು.

ಕಾರಿನಲ್ಲಿ ಹೋಗಿ ಎಂಬ ಮಾತು ನನ್ನಂಥವರನ್ನು ಯೋಚನೆಗೆ ಹಚ್ಚಿತು. ಕರ್ನಾಟಕದ ಡಿಎಲ್ ಹಿಡಿದು ಇಲ್ಲಿ ಬಂದು ನೆಲೆಸಿದವರು ಹನ್ನೆರಡು ತಿಂಗಳು ಮಾತ್ರ ಅದರ ಮೇಲೆ ಗಾಡಿ ಓಡಿಸಬಹುದು. ಆಸ್ಟ್ರೇಲಿಯಾ, ಜಪಾನ್ ಮುಂತಾದ ಕೆಲವು ದೇಶಗಳ ಪರವಾನಗಿಯನ್ನು ಪರೀಕ್ಷೆಯಿಲ್ಲದೆ ಬದಲಾಯಿಸಿಕೊಡುತ್ತಾರಾದರೂ ಭಾರತ ಆ ಪಟ್ಟಿಯಲ್ಲಿಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಲ್ಲಿ ವರ್ಷಗಟ್ಟಲೆ ಗಾಡಿ ಓಡಿಸಿದ ಅನುಭವಕ್ಕೆ ಇಲ್ಲಿ ಬೆಲೆಯಿಲ್ಲ. ಎಲ್ ಬೋರ್ಡ್ ಹಾಕಿಕೊಂಡು ಮೊದಲಿನಿಂದ ಆರಂಭಿಸಬೇಕು. 23 ಪೌಂಡ್ ಕಟ್ಟಿ ಬರೆಯುವ ಥಿಯರಿ ಪರೀಕ್ಷೆಯಲ್ಲಿ 50 ಪ್ರಶ್ನೆಗಳಿಗೆ 43 ಸರಿಯುತ್ತರ ಬೇಕು. ಮುಂಬರುವ ಅಪಾಯವನ್ನು ವಿಡಿಯೊದಲ್ಲಿ ಗುರುತಿಸುವ ಭಾಗವೂ ಅದರಲ್ಲಿದೆ. ಅದರಲ್ಲಿ ತೇರ್ಗಡೆಯಾದ ಎರಡು ವರ್ಷದೊಳಗೆ ರಸ್ತೆಯ ಪರೀಕ್ಷೆಯನ್ನೂ ಮುಗಿಸಬೇಕು.

ಮಾರ್ಚ್‌ನಲ್ಲಿ ಈ ಎರಡೂ ಪರೀಕ್ಷೆಗಳು ನಿಂತವು. ಇಂಗ್ಲೆಂಡಿನಲ್ಲಿ ತರಬೇತಿ ಮತ್ತು ಥಿಯರಿ ಪರೀಕ್ಷೆ ಜುಲೈ 4ಕ್ಕೆ, ಕಾರು ಪರೀಕ್ಷೆ ಜುಲೈ 22ಕ್ಕೆ ಮರಳಿದವು. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇನ್ನೂ ತಡವಾಯಿತು. ನವೆಂಬರಿನ ಲಾಕ್‌ಡೌನ್‌ನಲ್ಲಿ ಮತ್ತೆ ನಿಂತು, ಡಿಸೆಂಬರಿನಲ್ಲಿ ಶುರುವಾಗಿ, ಜನವರಿಯಲ್ಲಿ ಮೂರನೆಯ ಬಾರಿ ನಿಂತ ಪರೀಕ್ಷೆಗಳು ಮತ್ತೆ ಆರಂಭವಾಗುವಾಗ 2021ರ ಏಪ್ರಿಲ್ ಬಂದಿತ್ತು. ತರಬೇತಿ ನಿಲ್ಲಿಸಿದ್ದರ ಬಗ್ಗೆ ನನ್ನ ತಕರಾರಿಲ್ಲ. ಕಿಟಕಿ ತೆರೆದಿಟ್ಟರೂ ಕಾರಿನ ಮುಂದಿನ ಎರಡು ಸೀಟುಗಳ ನಡುವೆ ಎರಡು ಮೀಟರ್ ಅಂತರ ಎಲ್ಲಿಂದ ಬರಬೇಕು?

ತಕರಾರು ಇರುವುದು ಆ ಎರಡು ವರ್ಷದ ಗಡುವಿನ ಬಗ್ಗೆ. ಸರ್ಕಾರವೇ ಪರೀಕ್ಷೆ ನಿಲ್ಲಿಸಿದ್ದರಿಂದ ಸಾವಿರಾರು ಮಂದಿಯ ಥಿಯರಿ ಪ್ರಮಾಣಪತ್ರಗಳ ಅವಧಿ ಮುಗಿಯುತ್ತ ಬಂತು. ಅವಧಿ ವಿಸ್ತರಿಸಿರೆಂದು ಸಂಸತ್ತಿಗೆ ಮನವಿಗಳು ಹೋದವು. ಮುಗಿಯುತ್ತಿದ್ದ ಚಾಲನಾ ಪರವಾನಗಿಗಳ ಅವಧಿಯನ್ನು ಮತ್ತು ಕಾರುಗಳ ವಾರ್ಷಿಕ ತಪಾಸಣೆಯ ದಿನಾಂಕವನ್ನು ಮುಂದೂಡಿದ್ದ ಇದೇ ಇಲಾಖೆ, ಥಿಯರಿಯ ವಿಷಯದಲ್ಲಿ ಮಾತ್ರ ಬಗ್ಗಲಿಲ್ಲ. ಒಬ್ಬರೇ ಗಾಡಿ ಓಡಿಸಲು ಹೊರಡುವ ಹೊತ್ತಿಗೆ ರಸ್ತೆ ಸುರಕ್ಷತೆಯ ತಿಳಿವಳಿಕೆ ಹೊಸದಾಗಿರಬೇಕು ಎಂಬುದು ಅದರ ಸಮರ್ಥನೆ. ಭಾರತದಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು 2020ರ ಫೆಬ್ರವರಿಯಿಂದ ಅವಧಿ ಮೀರಿದ ಡಿಎಲ್, ಆರ್‌ಸಿ, ಪರ್ಮಿಟ್‌ಗಳಿಗೆ ಹಂತಹಂತವಾಗಿ 2021ರ ಅಕ್ಟೋಬರ್ 31ರವರೆಗೂ ಮಾನ್ಯತೆ ಕೊಟ್ಟಿತ್ತು. ನಮ್ಮ ಆರ್‌ಟಿಒ ಕಚೇರಿಗಳನ್ನು ಮನಸಾರೆ ಬೈದು ಬಂದ ನಾನು ಈ ಒಂದು ವಿಷಯದಲ್ಲಿ ಊರಿನ ಸರ್ಕಾರದ ಪರ.

ಸುರಕ್ಷತೆಯ ವಾದ ಪೊಳ್ಳೆಂದು ನಾನು ಹೇಳುವುದಿಲ್ಲ. ಆದರೆ ಸಾಂಕ್ರಾಮಿಕದ ನಷ್ಟ ಯಾರ ತಪ್ಪೂ ಅಲ್ಲವೆಂಬ ಕಾರಣಕ್ಕೆ ರೈಲು ಕಂಪನಿಗಳ ಹೊರೆಯನ್ನು ಒಂದೇ ದಿನದಲ್ಲಿ ಖಜಾನೆಗೆ ವರ್ಗಾಯಿಸಿಕೊಳ್ಳಲು ಸಾಧ್ಯವಾದ ಇಲಾಖೆಗೆ, ಅಷ್ಟೇ ತಪ್ಪಿಲ್ಲದ ಕಲಿಕಾ ಚಾಲಕರಿಂದ ಮತ್ತೆ 23 ಪೌಂಡ್ ವಸೂಲಿ ಮಾಡದಿರಲು ಕಾನೂನಿನಲ್ಲಿ ದಾರಿ ಕಾಣದೇ ಹೋದದ್ದು ವಿಚಿತ್ರ. ಶುಲ್ಕವಿಲ್ಲದೆ ಮರುಪರೀಕ್ಷೆ ಬರೆಯಿಸಿದ್ದರೂ ಸುರಕ್ಷತೆಗೆ ಕುಂದು ಬರುತ್ತಿರಲಿಲ್ಲ.

ರೈಲಿನ ಕಡೆ ಬದಲಾವಣೆ ಬೇಗ ಬಂತು. 2020ರ ಸೆಪ್ಟೆಂಬರಿನಲ್ಲಿ ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡುವ ಈ ಫ್ರಾಂಚೈಸಿ ಪದ್ಧತಿಯನ್ನೇ ಕೊನೆಗೊಳಿಸುವುದಾಗಿ ಸರ್ಕಾರ ಘೋಷಿಸಿತು. ಹೊಸ ಒಪ್ಪಂದಗಳಲ್ಲಿ ಕಂಪನಿಗಳ ನಿರ್ವಹಣಾ ಶುಲ್ಕ ಗರಿಷ್ಠ ಶೇ 1.5ಕ್ಕೆ ಇಳಿಯಿತು. ವಾರಕ್ಕೆ ಎರಡು ದಿನ ಮಾತ್ರ ಕಚೇರಿಗೆ ಹೋಗುವವರಿಗಾಗಿ, 28 ದಿನಗಳಲ್ಲಿ ಎಂಟು ದಿನ ಬಳಸಬಹುದಾದ ಫ್ಲೆಕ್ಸಿ ಪಾಸ್ 2021ರ ಜೂನ್‌ನಲ್ಲಿ ಬಂತು. ಚಾಲನಾ ಪರೀಕ್ಷೆಯ ಸರದಿ ಮಾತ್ರ ಆಮೇಲೂ ಕರಗಲಿಲ್ಲ; ಸ್ಲಾಟುಗಳನ್ನು ಸಾಫ್ಟ್‌ವೇರ್ ಬಳಸಿ ಮೊದಲೇ ಹಿಡಿದು ಹೆಚ್ಚಿನ ಬೆಲೆಗೆ ಮಾರುವ ದಂಧೆಯೂ ಹುಟ್ಟಿಕೊಂಡಿತು. ಹಾಗಾಗಿ ಇಲ್ಲಿಗೆ ನೆಲೆಸಲು ಬರುವ ಕನ್ನಡಿಗರು ಊರಿನ ಡಿಎಲ್ ನಡೆಯುವ ಹನ್ನೆರಡು ತಿಂಗಳು ಕಳೆಯಲೆಂದು ಕಾಯದೆ, ಬಂದ ಹೊಸತರಲ್ಲೇ ಪ್ರಾವಿಷನಲ್ ಪರವಾನಗಿಗೆ (ಕಲಿಕಾ ಚಾಲಕರ ಪರವಾನಗಿಗೆ) ಅರ್ಜಿ ಹಾಕುವುದು ಒಳ್ಳೆಯದು.