ಹತ್ತು ನಿಮಿಷ ತಡವಾದರೆ ಅರ್ಧ ದಿನದ ಪಗಾರ

ದಾವಣಗೆರೆ ಹೊರವಲಯದ ಒಂದು ಗಾರ್ಮೆಂಟ್ಸ್‌ನಲ್ಲಿ ಎಚ್‌ಆರ್ ಕೆಲಸ ನನ್ನದು. ಟಾರ್ಗೆಟ್ ತಪ್ಪಿದಾಗಲೆಲ್ಲ ಪ್ರೊಡಕ್ಷನ್‌ನವರ ದೂರು ಒಂದೇ: "ನಮ್ಮ ಹೆಣ್ಮಕ್ಳ ಕೈ ಸ್ಪೀಡಿಲ್ಲ." ಸ್ಪೀಡಿನ ಮಾತು ಆಮೇಲೆ. ಅವತ್ತು ಮಷಿನ್ ಮುಂದೆ ಎಷ್ಟು ಜನ ಕೂತಿದ್ದರು ಅಂತ ಮೊದಲು ಹಾಜರಿ ತೆಗೆದು ನೋಡಬೇಕು.

ಶರ್ಟ್ ಲೈನಿನಲ್ಲಿ ಕತ್ತರಿಸಿದ ಬಟ್ಟೆಯ ಬಂಡಲ್ ಕೈಯಿಂದ ಕೈಗೆ ಸಾಗಬೇಕು. ಕಾಲರ್ ಕೂರಿಸುವವಳು ಬರಲಿಲ್ಲ ಅಂದರೆ ಅವಳ ಹಿಂದೆ ಬಂಡಲ್ ರಾಶಿ, ಮುಂದಿನವರಿಗೆ ಖಾಲಿ ಟೇಬಲ್. ಸೂಪರ್‌ವೈಸರ್ ಕಫ್‌ನವಳನ್ನು ಎಬ್ಬಿಸಿ ಕಾಲರಿಗೆ ಕೂರಿಸುತ್ತಾನೆ. ಈಗ ಕಫ್ ನಿಂತಿತು. ಅಭ್ಯಾಸವಿಲ್ಲದ ಕೈಯಲ್ಲಿ ಕಾಲರಿನ ತುದಿ ಸೊಟ್ಟಗಾಗಿ, ಚೆಕಿಂಗ್‌ನಿಂದ ಆಲ್ಟರ್, ಅಂದರೆ ಬಿಚ್ಚಿ ಮತ್ತೆ ಹೊಲಿಯಿರಿ ಅಂತ ಪೀಸುಗಳು ವಾಪಸ್ ಬಂದವು. ಸಂಜೆ ಬೈಗುಳ ಮಾತ್ರ ಬಂದವರಿಗೆ.

ಹಾಗಾದರೆ ಬಾರದವರು ಯಾಕೆ ಬರಲಿಲ್ಲ? ನಾನು ಸೇರುವ ಮೊದಲಿಂದಲೂ ಗೇಟಿನಲ್ಲೊಂದು ರೂಲ್ ಇತ್ತು. ಹತ್ತು ನಿಮಿಷ ದಾಟಿ ಪಂಚ್ ಮಾಡಿದರೆ ಅರ್ಧ ದಿನ ಕಟ್. ಮಾಯಕೊಂಡ ಕಡೆಯಿಂದ ಬರುವ ಒಬ್ಬರು ಲೆಕ್ಕ ಬಿಡಿಸಿ ಹೇಳಿದರು: "ಲೇಟಾದ್ರೆ ಅರ್ಧ ಪಗಾರ ಹೋಕ್ಕತಿ ಮೇಡಂ. ಅದ್ರ ಬದ್ಲಿ ವಾಪಸ್ ಹೋಗಿ ಮೆಕ್ಕೆಜೋಳ ಮುರಿಯಾಕ್ ಹೋದ್ರೆ ಸಂಜಿಗೆ ಕೈಯಾಗ ರೊಕ್ಕ." ಶಿಸ್ತಿಗಂತ ಮಾಡಿದ ರೂಲು ಹತ್ತು ನಿಮಿಷದ ತಡವನ್ನು ಇಡೀ ದಿನದ ಗೈರು ಮಾಡಿ ಕೂರಿಸಿತ್ತು.

ತಡಕ್ಕೆ ಕಾರಣ ಹೆಚ್ಚಾಗಿ ಬಸ್ಸು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ನಮ್ಮ ಕಡೆ ಎಷ್ಟೋ ಹಾದಿಯಲ್ಲಿ ಖಾಸಗಿ ಬಸ್ಸೇ ಜಾಸ್ತಿ, ಅದಕ್ಕೆ ಕಾಸು ಕೊಡಬೇಕು. ತಿಂಗಳಿಗೆ ಉಳಿಯುವ ದುಡ್ಡು ಸಣ್ಣದಲ್ಲವಲ್ಲ, ಸರ್ಕಾರಿ ಬಸ್ಸಿಗೇ ಕಾಯುತ್ತಾರೆ. ಅದು ತುಂಬಿದ್ದರೆ ನಿಲ್ಲಿಸದೆ ಹೋಗುತ್ತದೆ.

ಆ ರೂಲು ಕಾನೂನಿಗೂ ನಿಲ್ಲುವಂಥದ್ದಲ್ಲ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆಯ 9ನೇ ಕಲಮಿನಲ್ಲೇ, ಗೈರಾದ ಅವಧಿಗೆ ತಕ್ಕಷ್ಟು ಮಾತ್ರ ಕಡಿತ ಅಂತಿತ್ತು. ಪ್ರೊಡಕ್ಷನ್ ಮ್ಯಾನೇಜರ್ ಒಪ್ಪಲಿಲ್ಲ, "ಸಲಿಗೆ ಕೊಟ್ರೆ ಎಲ್ರೂ ಹತ್ತು ಗಂಟೆಗೆ ಬರ್ತಾರೆ" ಅಂದರು. ಕಲಮು ತೋರಿಸಿದ ಮೇಲೆ ಸುಮ್ಮನಾದರು. ಈಗ ತಡವಾದಷ್ಟು ನಿಮಿಷಕ್ಕೆ ಮಾತ್ರ ಕಟ್. ಯಾರೂ ಹತ್ತು ಗಂಟೆಗೆ ಬರುತ್ತಿಲ್ಲ.

ಹಾಜರಿ ಬೋನಸ್ಸಿನದೂ ಇದೇ ಕಥೆ. ತಿಂಗಳಿಗೆ ಒಂದು ದಿನ ತಪ್ಪಿದರೂ ಪೂರ್ತಿ ಹೋಗುತ್ತಿತ್ತು. 3ನೇ ತಾರೀಖು ಮಗುವಿಗೆ ಜ್ವರ ಅಂತ ರಜೆ ಹಾಕಿದವಳಿಗೆ ಉಳಿದ ದಿನ ತಪ್ಪದೆ ಬರಲು ಆಮೇಲೆ ಏನು ಆಸೆ? ಅದೇ ಮೊತ್ತವನ್ನು ವಾರಕ್ಕಿಷ್ಟು ಅಂತ ಹಂಚಿದೆವು. ಕಂಪನಿಗೆ ಸ್ವಲ್ಪ ಹೆಚ್ಚು ಖರ್ಚು, ನಿಜ. ತಿಂಗಳ ಕೊನೆಯ ವಾರದಲ್ಲಿ ಖಾಲಿ ಮಷಿನ್ ಕಡಿಮೆಯಾದದ್ದು ಫ್ಲೋರಿನಲ್ಲಿ ನಿಂತರೆ ಕಾಣುತ್ತದೆ.

ಇನ್ನು ಸ್ಪೀಡು. ಬೆಂಗಳೂರು ಸುತ್ತಿನ ಗಾರ್ಮೆಂಟ್ಸ್‌ಗಳಲ್ಲಿ ಅರ್ಥಶಾಸ್ತ್ರಜ್ಞ ಅಚ್ಯುತ ಅಧ್ವರ್ಯು ಮತ್ತು ಜೊತೆಗಾರರು ನಡೆಸಿದ ಅಧ್ಯಯನದಲ್ಲಿ, ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿದ ಮೇಲೆ ಒಳಗಿನ ಶಾಖ ಇಳಿದು, ಬಿಸಿಲಿನ ದಿನಗಳಲ್ಲಿ ಉತ್ಪಾದನೆ ಏರಿತ್ತು. ದಾವಣಗೆರೆ ಏಪ್ರಿಲ್ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ದುಗ್ಗಮ್ಮನ ಜಾತ್ರೆಗೆ ಲೈನಿನವರನ್ನು ಮೊದಲೇ ಕೇಳಿ, ಭಾನುವಾರ ಕೆಲಸ ಮಾಡಿ ಬದಲಿ ರಜೆ ಕೊಡುತ್ತೇವೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ನೋಟಿಸ್ ಅಂಟಿಸಿ ತಡೆಯಲಾಗುತ್ತದೆಯೇ! ಮೆಕ್ಕೆಜೋಳದ ಕಟಾವಿಗೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಆ ವಾರಗಳಲ್ಲಿ ಹೊಲದ ಕೂಲಿ ಏರುತ್ತದೆ, ನಮ್ಮದು ಇದ್ದಲ್ಲೇ ಇರುತ್ತದೆ. ಸುಗ್ಗಿ ವಾರಗಳಿಗೆ ಬೇರೆ ಭತ್ಯೆ ಕೇಳಿ ಬರೆದಿದ್ದೆ. ಬಜೆಟ್ ಇಲ್ಲ ಅಂತ ಫೈಲ್ ವಾಪಸ್ ಬಂದಿದೆ, ಈ ಸಲ ಆಲ್ಟರ್ ಪೀಸಿನ ಲೆಕ್ಕವನ್ನೂ ಸೇರಿಸಿ ಮತ್ತೆ ಕಳಿಸುತ್ತೇನೆ.