ಕಾಲುಚೀಲದ ಗೆರೆ

ಸಂಜೆ ಕಾಲುಚೀಲ ಕಳಚಿದರೆ ಕಣಕಾಲಿನ ಸುತ್ತ ದಾರ ಬಿಗಿದಂಥ ಗೆರೆ. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ಮೆಲ್ಲಗೆ ತುಂಬಿಕೊಳ್ಳುತ್ತದೆ. ದಿನವಿಡೀ ನಿಂತು ಪಾಠ ಮಾಡುವವಳಿಗೆ ಈ ಊತವೇನೂ ಹೊಸದಲ್ಲ.

ಮೊದಲು ಕುರ್ಚಿಯ ಮುಂದಿನ ಸ್ಟೂಲಿನ ಮೇಲೆ ಕಾಲು ಚಾಚುತ್ತಿದ್ದೆ. ಪ್ರಯೋಜನ ಅಷ್ಟಕ್ಕಷ್ಟೆ. ಕಾಲು ಎದೆಯ ಮಟ್ಟಕ್ಕಿಂತ ಮೇಲಿದ್ದರೆ ಊದಿದಲ್ಲಿ ತುಂಬಿದ ನೀರು ಚೆನ್ನಾಗಿ ಇಳಿಯುತ್ತದೆ. ಈಗ ಮಲಗಿ, ದಿಂಬುಗಳ ಮೇಲೆ ಕಾಲಿಟ್ಟು, 20 ನಿಮಿಷ ಪಾದಗಳನ್ನು ಹಿಂದೆ ಮುಂದೆ ಆಡಿಸುತ್ತೇನೆ. ಮೀನಖಂಡ ಬಿಗಿದು ಸಡಿಲಿಸಿದಾಗಲೆಲ್ಲ ರಕ್ತ ಮೇಲಕ್ಕೆ ಹೋಗುತ್ತದೆ. ಉಪ್ಪನ್ನೂ ಕಡಿಮೆ ಮಾಡಿದ್ದೇನೆ, ಗೊಣಗುತ್ತಲೇ.

ಒಮ್ಮೆ ಎಡಗಾಲು ಮಾತ್ರ ಊದಿ, ಮೀನಖಂಡ ಬಿಸಿಯಾಗಿ ನೋಯತೊಡಗಿತು. ದಿಂಬಿನ ಗೊಡವೆ ಬಿಟ್ಟು ನೇರವಾಗಿ ವೈದ್ಯರ ಬಳಿಗೆ ಓಡಿದೆ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದೆಂದು ಅಂದೇ ಸ್ಕ್ಯಾನ್ ಮಾಡಿಸಿದರು. ಪುಣ್ಯಕ್ಕೆ ಹಾಗೇನೂ ಇರಲಿಲ್ಲ.